ಠರಾವಿನ ಕರ್ತೃ

ವ್ಯಾಕರಣ ಕಲಿಸುವವರಿಗೂ ಬ್ಯಾಂಕು ನಡೆಸುವವರಿಗೂ ಸಮಾನವಾದ ವಿಷಯವೊಂದುಂಟೆಂದರೆ ಇಬ್ಬರೂ ನಕ್ಕಾರು. ಆದರೂ ಉಂಟು, ಅದು ಕರ್ಮಣಿ ಪ್ರಯೋಗ. "ರಾಮನು ರಾವಣನನ್ನು ಕೊಂದನು" ಎಂಬುದನ್ನು "ರಾಮನಿಂದ ರಾವಣನು ಕೊಲ್ಲಲ್ಪಟ್ಟನು" ಎಂದು ತಿರುಗಿಸಿ ಬರೆಯುವ ಅಭ್ಯಾಸವನ್ನು ನಾವೆಲ್ಲರೂ ಶಾಲೆಯಲ್ಲಿ ಮಾಡಿದವರೇ. ಮನೆಯಲ್ಲಾಗಲಿ ಸಂತೆಯಲ್ಲಾಗಲಿ ಹೀಗೆ ಮಾತನಾಡಿದವರನ್ನು ನಾನು ಕಂಡಿಲ್ಲ. ಈ ಪ್ರಯೋಗ ಕನ್ನಡದಲ್ಲಿ ಉಸಿರಾಡುತ್ತಿರುವುದು ಕಚೇರಿಗಳಲ್ಲಿ; ಅಲ್ಲಿಯಂತೂ "ರಾಮನಿಂದ" ಎಂಬ ಮಾತೇ ಉದುರಿಹೋಗಿದೆ. ತೀರ್ಮಾನಿಸಲಾಯಿತು, ಅನುಮೋದಿಸಲಾಯಿತು, ಆದೇಶಿಸಲಾಗಿದೆ. ಕ್ರಿಯಾಪದವುಂಟು, ಕರ್ಮಪದವುಂಟು, ಕರ್ತೃಪದ ಮಾತ್ರ ಎಲ್ಲಿಯೂ ಕಾಣದು.

ಭಾರತದ ರಿಸರ್ವ್ ಬ್ಯಾಂಕಿನ ಕೇಂದ್ರ ನಿರ್ದೇಶಕ ಮಂಡಲಿ ಸಭೆ ಸೇರಿದ ದಿನ ಪತ್ರಿಕೆಗಳಿಗೆ ಒಂದು ಪ್ರಕಟಣೆ ಬರುತ್ತದೆ. ಮಂಡಲಿಯು ಜಾಗತಿಕ ಮತ್ತು ದೇಶೀಯ ಆರ್ಥಿಕ ಪರಿಸ್ಥಿತಿಯನ್ನು ಅವಲೋಕಿಸಿತು. ಸ್ಥಾನಿಕ ಮಂಡಲಿಗಳ ಕಾರ್ಯಕಲಾಪವನ್ನು ಪರಿಶೀಲಿಸಿತು. ವಾರ್ಷಿಕ ವರದಿಯನ್ನೋ ಲೆಕ್ಕಪತ್ರವನ್ನೋ ಆಯವ್ಯಯವನ್ನೋ ಅಂಗೀಕರಿಸಿತು. ಸಭೆಯಲ್ಲಿ ಇಂತಿಂಥವರು ಹಾಜರಿದ್ದರು. ಇಷ್ಟೇ. ಮುಂದಿನ ಸಭೆಯ ಪ್ರಕಟಣೆಯನ್ನು ಇದರ ಪಕ್ಕದಲ್ಲಿಟ್ಟರೆ ಊರಿನ ಹೆಸರು, ತಾರೀಖು ಬಿಟ್ಟು ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಸಾಹಿತ್ಯದ ಪುಟಕ್ಕೆ ಇದಕ್ಕಿಂತ ನೀರಸವಾದ ವಸ್ತು ಸಿಕ್ಕಲಾರದೆಂದು ವಾಚಕರು ಅಂದುಕೊಂಡರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ನಾನು ಇವನ್ನು ಬಿಡದೆ ಓದುತ್ತೇನೆ. ಚಿತ್ರದುರ್ಗದ ಸೀಮೆಯಲ್ಲಿ ಮಳೆಯನ್ನು ನಂಬಿ ಬದುಕುವವರ ನಡುವೆ ಇದ್ದವನಿಗೆ, ಮಳೆಯ ನಂತರ ಬದುಕಿನ ಮೇಲೆ ಅತಿ ಹೆಚ್ಚು ಅಧಿಕಾರವಿರುವುದು ಇಂಥ ನೀರಸ ವಾಕ್ಯಗಳಿಗೇ ಎಂಬುದು ಬೇಗ ತಿಳಿಯುತ್ತದೆ.

ಮಂಡಲಿಯ ರಚನೆಯನ್ನು ಚುಟುಕಾಗಿ ಹೇಳುತ್ತೇನೆ. ರಿಸರ್ವ್ ಬ್ಯಾಂಕಿನ ಕಾಯಿದೆ 1934ರದು. ಬ್ಯಾಂಕು ಕೆಲಸ ಆರಂಭಿಸಿದ್ದು 1935ರ ಏಪ್ರಿಲ್ 1ರಂದು. ಕಾಯಿದೆಯ 7ನೆಯ ಪ್ರಕರಣ ಬ್ಯಾಂಕಿನ ವ್ಯವಹಾರಗಳ ಮೇಲ್ವಿಚಾರಣೆಯನ್ನೂ ನಿರ್ದೇಶನವನ್ನೂ ಕೇಂದ್ರ ಮಂಡಲಿಗೆ ವಹಿಸುತ್ತದೆ. ಅದೇ ಪ್ರಕರಣ, ಗವರ್ನರರೊಡನೆ ಸಮಾಲೋಚಿಸಿ ಸಾರ್ವಜನಿಕ ಹಿತಕ್ಕಾಗಿ ಬ್ಯಾಂಕಿಗೆ ನಿರ್ದೇಶನ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೂ ಕೊಡುತ್ತದೆ. ಒಂದೇ ಪ್ರಕರಣದಲ್ಲಿ ಇಬ್ಬರು ಯಜಮಾನರು. ಗವರ್ನರರು, ನಾಲ್ವರನ್ನು ಮೀರದ ಡೆಪ್ಯುಟಿ ಗವರ್ನರರು, ನಾಲ್ಕು ಸ್ಥಾನಿಕ ಮಂಡಲಿಗಳಿಂದ ಒಬ್ಬೊಬ್ಬರಂತೆ ನಾಲ್ವರು, ಸರ್ಕಾರ ನಾಮಕರಣ ಮಾಡುವ ಹತ್ತು ಮಂದಿ, ಸರ್ಕಾರದ ಇಬ್ಬರು ಅಧಿಕಾರಿಗಳು, ಹೀಗೆ ಹೆಚ್ಚೆಂದರೆ 21 ಜನ. ಇವರಲ್ಲಿ ಸರ್ಕಾರದ ಅಧಿಕಾರಿಗಳೂ ಡೆಪ್ಯುಟಿ ಗವರ್ನರರೂ ಚರ್ಚೆಯಲ್ಲಿ ಭಾಗವಹಿಸಬಹುದು. ಸಾಮಾನ್ಯವಾಗಿ ಮತ ಹಾಕುವಂತಿಲ್ಲ. ವರ್ಷಕ್ಕೆ ಆರು ಸಭೆಗಳಾದರೂ ನಡೆಯಬೇಕು, ಮೂರು ತಿಂಗಳಿಗೆ ಒಂದಾದರೂ ಇರಬೇಕು. ಬಡ್ಡಿಯ ದರವನ್ನು ನಿಗದಿ ಮಾಡುವುದು ಈ ಮಂಡಲಿಯಲ್ಲ. 2016ರಲ್ಲಿ ಕಾಯಿದೆ ತಿದ್ದಿದಾಗಿನಿಂದ ಆ ಕೆಲಸಕ್ಕೆ ಆರು ಜನರ ಬೇರೊಂದು ಸಮಿತಿಯುಂಟು. ಕೇಂದ್ರ ಮಂಡಲಿಯದು ಮನೆಯ ಹಿರಿಯರ ಕೆಲಸ: ಲೆಕ್ಕ ನೋಡುವುದು, ಉಳಿದದ್ದನ್ನು ಯಾರಿಗೆ ಎಷ್ಟು ಕೊಡಬೇಕೆಂದು ಹೇಳುವುದು, ನೋಟಿನ ಕಾಗದದಿಂದ ನೌಕರರ ನಿಯಮದವರೆಗೆ ಒಪ್ಪಿಗೆಯ ಮುದ್ರೆಯೊತ್ತುವುದು. ಹೀಗೆ "ಉಳಿದದ್ದು" 2025ರ ಮೇ ತಿಂಗಳಲ್ಲಿ ಎರಡು ಲಕ್ಷ ಅರವತ್ತೆಂಟು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿತ್ತು. ಅದು ಕೇಂದ್ರ ಸರ್ಕಾರದ ಬೊಕ್ಕಸಕ್ಕೆ ಹೋಯಿತು. ಪ್ರಕಟಣೆಯಲ್ಲಿ ಅದಕ್ಕೂ ಒಂದೇ ವಾಕ್ಯ.

ಇಂಥ ವಾಕ್ಯಗಳು ನಮ್ಮ ಕಡೆ ಬಂದು ಏನು ಮಾಡುತ್ತವೆಂಬುದನ್ನು ಹಿರಿಯೂರಿನಲ್ಲಿ ನೋಡಬೇಕು. ವೇದಾವತಿಗೆ ಅಡ್ಡವಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣವಾಯಿತು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಅಣೆಕಟ್ಟಿನ ನೀರು ಕಾಣುವ ಹೊಲಗಳ ಮಾತು ಬೇರೆ. ಕಾಣದ ಹೊಲಗಳಲ್ಲಿ ಶೇಂಗಾ, ಈರುಳ್ಳಿ, ರಾಗಿ ಬಿತ್ತಿ ಆಕಾಶ ನೋಡುವವರಿಗೆ ಇನ್ನೊಂದು ಅಣೆಕಟ್ಟು ಬೇಕು. ಸಾಲದ ಗಡುವನ್ನು ತಡೆದು ನಿಲ್ಲಿಸುವ ಅಣೆಕಟ್ಟು. ಅಂಥದೊಂದು ಇದೆ. ಪ್ರಕೃತಿ ವಿಕೋಪದಲ್ಲಿ ಬ್ಯಾಂಕುಗಳು ಕೈಗೊಳ್ಳಬೇಕಾದ ಪರಿಹಾರ ಕ್ರಮಗಳ ಬಗ್ಗೆ ರಿಸರ್ವ್ ಬ್ಯಾಂಕು 2018ರಲ್ಲಿ ಕ್ರೋಡೀಕರಿಸಿದ ನಿರ್ದೇಶನದಂತೆ, ಬೆಳೆನಷ್ಟ ನೂರಕ್ಕೆ 33ರಿಂದ 50ರೊಳಗಿದ್ದರೆ ಬೆಳೆಸಾಲವನ್ನು ತೀರಿಸಲು ಎರಡು ವರ್ಷದವರೆಗೆ, 50 ಮೀರಿದರೆ ಐದು ವರ್ಷದವರೆಗೆ ಅವಧಿ ಕೊಡಬಹುದಾಗಿತ್ತು. ಮೊದಲ ವರ್ಷ ವಸೂಲಿ ಇಲ್ಲ. ಈ 33 ಎಂಬ ಅಂಕೆ ಮೊದಲು 50 ಆಗಿತ್ತು. 2015ರಲ್ಲಿ ಕೇಂದ್ರ ಸರ್ಕಾರ ಪರಿಹಾರದ ಮಿತಿಯನ್ನು ಇಳಿಸಿತು. ಬ್ಯಾಂಕಿನ ಸುತ್ತೋಲೆಯೂ ಹಿಂಬಾಲಿಸಿತು. ಎರಡು ಅಂಕಿಗಳ ಒಂದು ತಿದ್ದುಪಡಿ. ಅರ್ಧ ಬೆಳೆಯಾದರೂ ಹೋದರೆ ಮಾತ್ರ ಬಡವ ಎನ್ನುತ್ತಿದ್ದ ಲೆಕ್ಕ, ಮೂರರಲ್ಲೊಂದು ಭಾಗ ಹೋದರೂ ಬಡವನೇ ಎಂದು ಒಪ್ಪಿಕೊಂಡಿತು.

2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ ಹಿರಿಯೂರಿನ ಕಡೆಯ ರೈತರೊಬ್ಬರಿಗೆ ನಾನು ಈ ಲೆಕ್ಕವನ್ನು ವಿವರಿಸುತ್ತಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, "ಮೂವತ್ಮೂರು ಅಂತ ಬರ್ದೋರು ಯಾರು ಸ್ವಾಮಿ? ನಮ್ ಹೊಲದಾಗೆ ಬಂದು ಅಳ್ದೋರು ಯಾರು?" ಎಂದು ಕೇಳಿದರು. ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಗ್ರಾಮಲೆಕ್ಕಿಗ, ಕೃಷಿ ಇಲಾಖೆ, ಉಪಗ್ರಹದ ಚಿತ್ರ. ಮೊದಲನೆಯದಕ್ಕೆ ನಾನು "ಸರ್ಕಾರ" ಎಂದೆ, ಆಮೇಲೆ "ರಿಸರ್ವ್ ಬ್ಯಾಂಕು" ಎಂದೆ. ಅವರು ತಲೆಯಾಡಿಸಿದರು. ವ್ಯಾಕರಣದ ಮೇಷ್ಟರು ಒಪ್ಪುವ ಉತ್ತರವೇನೂ ಅದಲ್ಲ.

ದೊಡ್ಡ ಗದ್ದಲದ ತೀರ್ಮಾನಗಳಿಗಿಂತ ಸದ್ದಿಲ್ಲದ ತೀರ್ಮಾನಗಳು ಹೆಚ್ಚು ದೂರ ಹೋಗುತ್ತವೆಂಬುದಕ್ಕೆ ಚಿತ್ರದುರ್ಗಕ್ಕೆ ಹತ್ತಿರದ ಉದಾಹರಣೆಯೊಂದಿದೆ. ಈ ಊರಿನಲ್ಲಿ ವಕೀಲಿ ಮಾಡಿ, ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿ, 1968ರಿಂದ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಎಸ್. ನಿಜಲಿಂಗಪ್ಪನವರ ಕಾಲದಲ್ಲೇ, 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಆ ಪಕ್ಷದ ಮಹಾಸಮಿತಿ ಸೇರಿದ್ದು. ಬ್ಯಾಂಕುಗಳ ಪ್ರಶ್ನೆ ಅಲ್ಲಿ ಕಿಡಿಯಾದದ್ದು. ಜುಲೈ 19ರಂದು ಇಂದಿರಾ ಗಾಂಧಿಯವರು 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದರು. ವರ್ಷ ಮುಗಿಯುವುದರೊಳಗೆ ಪಕ್ಷ ಎರಡಾಯಿತು, ನಿಜಲಿಂಗಪ್ಪನವರು ಒಡೆದ ಪಕ್ಷದ ಒಂದು ಹೋಳಿನ ನಾಯಕರಾಗಿ ಉಳಿದರು. ಇದು ಇತಿಹಾಸ ಪುಸ್ತಕದಲ್ಲಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಜಿಲ್ಲೆಗೊಂದು ಬ್ಯಾಂಕನ್ನು ಅಗ್ರಣಿ ಬ್ಯಾಂಕೆಂದು ಗೊತ್ತುಮಾಡುವ ಯೋಜನೆಯನ್ನು ಹೊರಡಿಸಿತು; ಚಿತ್ರದುರ್ಗ ಕೆನರಾ ಬ್ಯಾಂಕಿನ ಪಾಲಿಗೆ ಬಂತು. ಮುಂದೆ 1977ರಲ್ಲಿ ಶಾಖೆಗಳ ಪರವಾನಗಿಗೆ ಒಂದು ನಿಯಮ ಬಂತು: ಬ್ಯಾಂಕಿರುವ ಊರಿನಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ಊರುಗಳಲ್ಲಿ ನಾಲ್ಕು ತೆರೆಯಬೇಕು. 1990ರವರೆಗೆ ಇದು ಜಾರಿಯಲ್ಲಿತ್ತು. 1969ರಿಂದ ಆ ಹೊತ್ತಿಗೆ ದೇಶದ ಹಳ್ಳಿಗಳಲ್ಲಿ ಸುಮಾರು 30,000 ಹೊಸ ಶಾಖೆಗಳಾಗಿದ್ದವು. ರಾಷ್ಟ್ರೀಕರಣಕ್ಕೆ ಮೆರವಣಿಗೆಗಳಾದವು, ಒಂದಕ್ಕೆ ನಾಲ್ಕು ಎಂಬ ನಿಯಮಕ್ಕೆ ಯಾರೂ ಹಾರ ಹಾಕಲಿಲ್ಲ. ಹಳ್ಳಿಯ ಬಾಗಿಲಿಗೆ ಬ್ಯಾಂಕನ್ನು ತಂದುದರಲ್ಲಿ ಎರಡನೆಯದರ ಪಾಲು ಕಡಿಮೆಯಲ್ಲವೆಂದು ನನ್ನ ಎಣಿಕೆ.

ಸದ್ದಿಲ್ಲದ ತೀರ್ಮಾನ ಬಾಗಿಲಿಗೆ ತರುವಂತೆಯೇ ಒಯ್ಯಲೂ ಬಲ್ಲದು. ಹೊಸದುರ್ಗದಲ್ಲಿ ಜನ "ಗ್ರಾಮೀಣ ಬ್ಯಾಂಕು" ಎಂದಷ್ಟೇ ಕರೆಯುವ ಬ್ಯಾಂಕಿನ ಫಲಕದ ಚರಿತ್ರೆಯನ್ನು ನೋಡಿ. ಮೊದಲು ಅದು ಚಿತ್ರದುರ್ಗ ಗ್ರಾಮೀಣ ಬ್ಯಾಂಕು. 2005ರಲ್ಲಿ ತುಂಗಭದ್ರಾ, ಕೋಲಾರ, ಸಹ್ಯಾದ್ರಿ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕು. 2013ರಲ್ಲಿ ಕೃಷ್ಣಾ ಗ್ರಾಮೀಣ ಬ್ಯಾಂಕನ್ನು ಕೂಡಿಕೊಂಡು ಪ್ರಗತಿ ಕೃಷ್ಣಾ. 2019ರಲ್ಲಿ ಕಾವೇರಿಯೂ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕು. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ವಿಲೀನವಾಗಿ ಇಡೀ ರಾಜ್ಯಕ್ಕೆ ಒಂದೇ ಆಯಿತು. ಇವು ರಿಸರ್ವ್ ಬ್ಯಾಂಕಿನ ಮಂಡಲಿಯ ತೀರ್ಮಾನಗಳಲ್ಲ, ಕೇಂದ್ರ ಸರ್ಕಾರದ ಅಧಿಸೂಚನೆಗಳು. ಆದರೆ ಜಾತಿ ಒಂದೇ. ಫಲಕದಿಂದ "ಚಿತ್ರದುರ್ಗ" ಎಂಬ ನಾಲ್ಕು ಅಕ್ಷರ ಅಳಿಸಿಹೋದದ್ದು ದೊಡ್ಡದಲ್ಲ, ಮುಖ್ಯ ಕಚೇರಿ ಬಳ್ಳಾರಿಗೆ ಹೋದದ್ದು ದೊಡ್ಡದು. ತಕರಾರು ಹೇಳಬೇಕಾದ ಹೊಸದುರ್ಗದ ತೆಂಗಿನ ಬೆಳೆಗಾರ ಮೊದಲು ದುರ್ಗದ ಬಸ್ಸು ಹತ್ತಿದರೆ ಸಾಕಾಗಿತ್ತು.

ಇನ್ನು ನೋಟಿಗೆ ಬರೋಣ. ಮಂಡಲಿಯ ಕೈಬರಹ ಪ್ರತಿಯೊಬ್ಬರ ಜೇಬಿನಲ್ಲೂ ಇರುವುದು ಅಲ್ಲಿ. ಕಾಯಿದೆಯ 25ನೆಯ ಪ್ರಕರಣದಂತೆ ನೋಟಿನ ವಿನ್ಯಾಸ, ರೂಪ, ಕಾಗದ ಎಲ್ಲವೂ ಕೇಂದ್ರ ಮಂಡಲಿಯ ಶಿಫಾರಸನ್ನು ಪರಿಶೀಲಿಸಿ ಕೇಂದ್ರ ಸರ್ಕಾರ ಒಪ್ಪಿದಂತೆ ಇರಬೇಕು. ನೋಟಿನ ಹಿಂಬದಿಯ ಭಾಷಾಪಟ್ಟಿಯಲ್ಲಿ 15 ಭಾಷೆಗಳಲ್ಲಿ ಕನ್ನಡ ಮೇಲಿನಿಂದ ನಾಲ್ಕನೆಯದು; ಅಸ್ಸಾಮಿ, ಬಂಗಾಳಿ, ಗುಜರಾತಿಗಳಾದ ಮೇಲೆ. ಇದು ಯಾವ ಗೌರವದ ಕ್ರಮವೂ ಅಲ್ಲ, ಇಂಗ್ಲಿಷ್ ಅಕಾರಾದಿಯ ಕ್ರಮ. ನಮ್ಮ ವರ್ಣಮಾಲೆಯ ಕ್ರಮದಲ್ಲಿ ಬರೆದಿದ್ದರೆ ಕನ್ನಡ ಗುಜರಾತಿಗಿಂತ ಮುಂದೆ ಬರುತ್ತಿತ್ತು. ಇರಲಿ. ಆ ನೋಟುಗಳಲ್ಲಿ ಹಲವು ಮೈಸೂರಿನಲ್ಲೇ ಅಚ್ಚಾಗುತ್ತವೆ. ರಿಸರ್ವ್ ಬ್ಯಾಂಕು 1995ರಲ್ಲಿ ಸ್ಥಾಪಿಸಿದ ನೋಟು ಮುದ್ರಣ ಸಂಸ್ಥೆಯ ಎರಡು ಮುದ್ರಣಾಲಯಗಳಲ್ಲಿ ಒಂದು ಅಲ್ಲಿದೆ.

ನನ್ನ ಕಣ್ಣು ನಿಲ್ಲುವುದು ನೋಟಿನ ಮುಂಬದಿಯ ಒಂದು ವಾಕ್ಯದಲ್ಲಿ. ಗವರ್ನರರ ರುಜುವಿನ ಮೇಲೆ, ಧಾರಕನಿಗೆ ಇಷ್ಟು ರೂಪಾಯಿ ಸಲ್ಲಿಸುವ ವಚನ ಕೊಡುತ್ತೇನೆ ಎಂಬ ಅರ್ಥದ ಮಾತು ಹಿಂದಿ, ಇಂಗ್ಲಿಷುಗಳಲ್ಲಿದೆ. ಉತ್ತಮ ಪುರುಷ, ಏಕವಚನ, ಕರ್ತರಿ ಪ್ರಯೋಗ. ಸರ್ಕಾರಿ ಕಾಗದಗಳ ಈ ಮಹಾಸಾಗರದಲ್ಲಿ "ನಾನು" ಎಂದು ಎದ್ದು ನಿಂತು ಹೇಳುವ ಕಾಗದ ಇದೊಂದೇ ಇರಬಹುದು. ನೋಟಿಗೆ ಬೆಲೆ ಬಂದದ್ದು ಅದರಿಂದಲೇ ಎಂದು ಅರ್ಥಶಾಸ್ತ್ರಜ್ಞರು ಒಪ್ಪಲಾರರು. ಭಾಷೆಯನ್ನು ಬಲ್ಲವರು ಒಪ್ಪಿಯಾರು.

ಹೀಗೆ ಹೆಸರು ಹೇಳಿ ಮಾತನಾಡುವ ಆಡಳಿತ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಊರ ಪಕ್ಕದ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರು 1929ರಲ್ಲಿ, ಮಾರ್ಟಿಮರ್ ವ್ಹೀಲರ್ 1947ರಲ್ಲಿ ನಡೆಸಿದ ಉತ್ಖನನಗಳು ಪ್ರಸಿದ್ಧ. ಶಾತವಾಹನರ ಸೀಸದ ನಾಣ್ಯಗಳ ಜೊತೆ ರೋಮಿನ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೂ ಅಲ್ಲಿ ದೊರೆತವು. ತಿಬೇರಿಯಸ್ಸನ ತಲೆ, ಹೆಸರು ಎರಡೂ ಇದ್ದ ನಾಣ್ಯ ದುರ್ಗದ ಬೆಟ್ಟದ ಬುಡಕ್ಕೆ ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಸೆಳೆಯುವುದು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಅಶೋಕನ ಶಾಸನವನ್ನು ಬಿ.ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದರು. ಧರ್ಮೋಪದೇಶಕ್ಕಾಗಿ ಅದನ್ನು ಎಲ್ಲರೂ ಓದುತ್ತಾರೆ. ನಾನು ಓದುವುದು ಅದರ ತಲೆಬರಹಕ್ಕಾಗಿ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸುತ್ತಾರೆ; ಆಮೇಲೆ ದೇವಾನಾಂಪ್ರಿಯನ ಆಜ್ಞೆಯನ್ನು ತಿಳಿಸುತ್ತಾರೆ. ಎಲ್ಲಿಂದ, ಯಾರು, ಯಾರಿಗೆ, ಯಾರ ಅಪ್ಪಣೆ, ಎಲ್ಲವೂ ಉಂಟು. ಕೊನೆಗೆ ಬರೆದ ಲಿಪಿಕಾರನ ಹೆಸರು ಕೂಡ: ಚಪಡ. ಅವನು ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ, ಬರೆದುಕೊಂಡ. ಗುಮಾಸ್ತನ ಈ ಸಣ್ಣ ಬಿಂಕ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚು ಬಾಳಿದೆ. ಕನ್ನಡ ನಾಡಿನ ಅತ್ಯಂತ ಹಳೆಯ ಸುತ್ತೋಲೆಗಳಲ್ಲಿ ಒಂದಾದ ಇದರಲ್ಲಿ ಕರ್ತೃವೂ ಇದ್ದಾನೆ, ಲೇಖಕನೂ ಇದ್ದಾನೆ.

ರಿಸರ್ವ್ ಬ್ಯಾಂಕಿನ ಮಂಡಲಿಯೂ ಒಮ್ಮೆ ಕರ್ತರಿ ಪ್ರಯೋಗದಲ್ಲಿ ಮಾತನಾಡಿತ್ತು. ಆಗ ಗವರ್ನರರಾಗಿದ್ದವರು ಬೆನೆಗಲ್ ರಾಮರಾಯರು. ದಕ್ಷಿಣ ಕನ್ನಡದ ಮನೆತನ. ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬಿ.ಎನ್. ರಾಯರ ತಮ್ಮ; ಇಂಗ್ಲಿಷಿನಲ್ಲಿ ಬರೆದು ಹೆಸರಾದ ಶಾಂತಾ ರಾಮರಾವ್ ಇವರ ಮಗಳು. 1949ರ ಜುಲೈಯಿಂದ 1957ರ ಜನವರಿಯವರೆಗೆ ಅಧಿಕಾರದಲ್ಲಿದ್ದ ಇವರಷ್ಟು ದೀರ್ಘಕಾಲ ಆ ಸ್ಥಾನದಲ್ಲಿದ್ದವರು ಮತ್ತೊಬ್ಬರಿಲ್ಲ. 1956ರ ಕೊನೆಯಲ್ಲಿ ಅರ್ಥಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರು ಹುಂಡಿಗಳ ಮೇಲಿನ ಮುದ್ರಾಂಕ ಸುಂಕವನ್ನು ಏರಿಸಿದರು. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಹಣ ಪಡೆಯುತ್ತಿದ್ದುದು ಈ ಹುಂಡಿಗಳ ಮೇಲೆಯೇ ಆದ್ದರಿಂದ, ಸುಂಕವೆಂಬ ಹೆಸರಿನಲ್ಲಿ ಬಡ್ಡಿಯ ದರವೇ ಏರಿದಂತಾಯಿತು. ಬಡ್ಡಿಯ ದರ ಬ್ಯಾಂಕಿನ ಕೆಲಸ. ರಾಮರಾಯರು ಆಕ್ಷೇಪಿಸಿದರು. ಮಂತ್ರಿಗಳ ಮಾತು ಬಿರುಸಾಯಿತು. ಬ್ಯಾಂಕು ತಮ್ಮ ಖಾತೆಯ ಒಂದು ವಿಭಾಗವೆಂಬ ಧ್ವನಿ ಅದರಲ್ಲಿತ್ತು. ಡಿಸೆಂಬರಿನಲ್ಲಿ ಸೇರಿದ ಕೇಂದ್ರ ಮಂಡಲಿ ತನ್ನ ಗವರ್ನರರ ಬೆನ್ನಿಗೆ ನಿಂತು, ಹಣದ ವ್ಯವಸ್ಥೆಯ ಮೇಲೆ ಪರಿಣಾಮ ಬೀರುವ ವಿಷಯಗಳಲ್ಲಿ ಸರ್ಕಾರ ಮುಂಚಿತವಾಗಿ ತನ್ನೊಡನೆ ಸಮಾಲೋಚಿಸಬೇಕೆಂದು ಠರಾವು ಮಾಡಿತು.

ಆ ಠರಾವು ಗೆಲ್ಲಲಿಲ್ಲ. ನೆಹರೂ ಅವರು ಮಂತ್ರಿಗಳ ಪಕ್ಷ ವಹಿಸಿದರು. ಬ್ಯಾಂಕಿಗೆ ಎಷ್ಟೇ ಸ್ಥಾನಮಾನವಿದ್ದರೂ ಸರ್ಕಾರದ ನೀತಿಗೆ ವಿರೋಧವಾಗಿ ಅದು ನಡೆಯಲಾಗದೆಂಬುದು ಅವರ ನಿಲುವು. 1957ರ ಜನವರಿಯಲ್ಲಿ ರಾಮರಾಯರು ರಾಜೀನಾಮೆ ಕೊಟ್ಟು ಹೋದರು. ಚುನಾಯಿತ ಸರ್ಕಾರದ ಮಾತೇ ಕೊನೆಯದಾಗಬೇಕೆಂಬ ನೆಹರೂ ಅವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ, ನಾನು ತಳ್ಳಿಹಾಕುವುದೂ ಇಲ್ಲ. ಆದರೆ ಯಾರು ಏನು ಹೇಳಿದರೆಂಬುದು ಅಲ್ಲಿ ನಿಚ್ಚಳವಾಗಿದೆ. ಸೋತ ಠರಾವಿಗೂ ಕರ್ತೃವಿದ್ದಾನೆ. ಅವನ ಹೆಸರು ಹೇಳಿ ನಾವು ಇಂದಿಗೂ ವಾದಿಸಬಹುದು.

2016ರ ನವೆಂಬರ್ 8ರ ಸಂಜೆ ದೆಹಲಿಯಲ್ಲಿ ಸೇರಿದ್ದು ಮಂಡಲಿಯ 561ನೆಯ ಸಭೆ. ಹಿಂದಿನ ದಿನ ಸರ್ಕಾರದಿಂದ ಪತ್ರ ಬಂದಿತ್ತು. ಚಲಾವಣೆಯಲ್ಲಿದ್ದ ಐನೂರು, ಸಾವಿರ ರೂಪಾಯಿಗಳ ನೋಟುಗಳ ಮಾನ್ಯತೆಯನ್ನು ಹಿಂತೆಗೆಯುವ ವಿಚಾರ. ಮೌಲ್ಯದ ಲೆಕ್ಕದಲ್ಲಿ ಅವು ಚಲಾವಣೆಯ ನೂರಕ್ಕೆ 86 ಭಾಗ. 1946ರಲ್ಲಿಯೂ 1978ರಲ್ಲಿಯೂ ದೊಡ್ಡ ನೋಟುಗಳನ್ನು ರದ್ದು ಮಾಡಿದ್ದುಂಟು, ಆಗ ಸುಗ್ರೀವಾಜ್ಞೆಯಿಂದ. ಈ ಸಲ ಆರಿಸಿಕೊಂಡದ್ದು ಕಾಯಿದೆಯ 26ನೆಯ ಪ್ರಕರಣದ ದಾರಿ: ಕೇಂದ್ರ ಮಂಡಲಿ ಶಿಫಾರಸು ಮಾಡಿದರೆ ಸರ್ಕಾರ ಅಧಿಸೂಚನೆಯಿಂದಲೇ ಮಾಡಬಹುದು. ಮಂಡಲಿ ಶಿಫಾರಸು ಮಾಡಿತು. ರಾತ್ರಿ ಎಂಟು ಗಂಟೆಗೆ ಪ್ರಧಾನಿಗಳು ದೇಶಕ್ಕೆ ತಿಳಿಸಿದರು. ಮಾಹಿತಿ ಹಕ್ಕಿನ ಮೂಲಕ ಆ ಸಭೆಯ ನಡಾವಳಿ ಹೊರಬಿದ್ದದ್ದು 2019ರಲ್ಲಿ. ಕಪ್ಪುಹಣದ ಬಹುಭಾಗ ನಗದಿನ ರೂಪದಲ್ಲಿಲ್ಲ, ಚಿನ್ನ ಮತ್ತು ಸ್ಥಿರಾಸ್ತಿಗಳಲ್ಲಿದೆ ಎಂಬ ಮಾತು ಆ ನಡಾವಳಿಯಲ್ಲೇ ಇದೆ. ಆ ವರ್ಷದ ಉತ್ಪನ್ನಕ್ಕೆ ಪೆಟ್ಟು ಬೀಳುತ್ತದೆಂಬ ಮಾತೂ ಇದೆ. ಸಂದೇಹವನ್ನು ಬರೆದುಕೊಂಡು ಸಮ್ಮತಿಯನ್ನೂ ಬರೆದ ಕಾಗದ ಅದು. "ನಾನು ವಚನ ಕೊಡುತ್ತೇನೆ" ಎಂದು ಅಚ್ಚು ಹಾಕಿದ ಕಾಗದಗಳನ್ನು ಹೀಗೆ ಹಿಂತೆಗೆಯಲಾಯಿತು. ಕರ್ಮಣಿ ಪ್ರಯೋಗವನ್ನು ಇಲ್ಲಿ ನಾನು ಬೇಕೆಂದೇ ಬಳಸಿದ್ದೇನೆ.

ನವೆಂಬರ್ ನಮ್ಮ ಕಡೆ ಶೇಂಗಾ ಕೀಳುವ, ಅಡಕೆ ಕೊಯ್ಯುವ ಕಾಲ. ಕೈಯಲ್ಲಿ ಕಾಸು ಓಡಾಡುವ ಕಾಲ. ಕೂಲಿ, ಗಾಡಿ, ಸುಲಿಯುವವರು ಎಲ್ಲರಿಗೂ ದಿನದ ಲೆಕ್ಕದಲ್ಲಿ ನಗದೇ ಆಗಬೇಕು. ಅದೂ ಸಾಲದೆಂಬಂತೆ ನವೆಂಬರ್ 14ರಂದು ರಿಸರ್ವ್ ಬ್ಯಾಂಕಿನಿಂದ ಇನ್ನೊಂದು ಸುತ್ತೋಲೆ ಹೊರಟಿತು: ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕುಗಳು ಹಳೆಯ ನೋಟುಗಳನ್ನು ಬದಲಿಸಿಕೊಡುವಂತಿಲ್ಲ, ಠೇವಣಿಯಾಗಿಯೂ ತೆಗೆದುಕೊಳ್ಳುವಂತಿಲ್ಲ. ಪಟ್ಟಣದವರಿಗೆ ಇದೊಂದು ಆಡಳಿತದ ವಿವರ. ಹಳ್ಳಿಯಲ್ಲಿ ಬ್ಯಾಂಕೆಂದರೆ ಸೊಸೈಟಿ, ಸೊಸೈಟಿಯ ಬೇರು ಜಿಲ್ಲಾ ಬ್ಯಾಂಕಿನಲ್ಲಿ. ಹೊಸದುರ್ಗ ತಾಲ್ಲೂಕಿನ ಒಂದು ಊರಿನಲ್ಲಿ ಸೊಸೈಟಿಯ ಕದಕ್ಕೆ ಅಂಟಿಸಿದ ಚೀಟಿಯನ್ನು ಹಿರಿಯರೊಬ್ಬರು ನನ್ನಿಂದ ಎರಡು ಸಲ ಓದಿಸಿದರು. "ನಮ್ ಸೊಸೈಟಿಗೆ ನಮ್ ದುಡ್ಡು ಬ್ಯಾಡ್ವಂತೆ ಅನ್ರಿ" ಎಂದು ಪಕ್ಕದಲ್ಲಿದ್ದವರ ಕಡೆ ತಿರುಗಿ ಹೇಳಿ, ಪಂಚೆಯ ಅಂಚಿನ ಗಂಟನ್ನು ಮತ್ತೆ ಬಿಗಿದರು. ಸಿಟ್ಟು ಅವರ ಮಾತಿನಲ್ಲಿರಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕೆಂಬುದು ಚೀಟಿಯಲ್ಲಿ ಬರೆದಿರಲಿಲ್ಲ. 2018ರ ಆಗಸ್ಟಿನ ಹೊತ್ತಿಗೆ ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿಯೇ ಲೆಕ್ಕ ಕೊಟ್ಟಿತು: ರದ್ದಾದ ನೋಟುಗಳಲ್ಲಿ ನೂರಕ್ಕೆ 99.3 ಭಾಗ ಮರಳಿ ಬಂದಿದ್ದವು.

ಕರ್ತೃ ಯಾರೆಂಬ ಪ್ರಶ್ನೆಯನ್ನು ಕೊನೆಗೆ ಕೇಳಿದ್ದು ನ್ಯಾಯಾಲಯ. 2023ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯದ ಐವರ ಪೀಠ ತೀರ್ಪು ಕೊಟ್ಟಿತು. ಪ್ರಾಸಂಗಿಕವಾಗಿ ಹೇಳುವುದಾದರೆ ಆ ಐವರಲ್ಲಿ ಮೂವರು ಕರ್ನಾಟಕದವರು: ಪೀಠದ ಅಧ್ಯಕ್ಷರಾದ ಎಸ್. ಅಬ್ದುಲ್ ನಜೀರ್, ಎ.ಎಸ್. ಬೋಪಣ್ಣ, ಬಿ.ವಿ. ನಾಗರತ್ನ. ನಾಲ್ವರ ಬಹುಮತದ ತೀರ್ಪು ಕ್ರಮವನ್ನು ಎತ್ತಿಹಿಡಿಯಿತು. ಸರ್ಕಾರಕ್ಕೂ ಬ್ಯಾಂಕಿಗೂ ಆರು ತಿಂಗಳು ಸಮಾಲೋಚನೆ ನಡೆದಿತ್ತು, ಪ್ರಸ್ತಾಪ ಸರ್ಕಾರದಿಂದ ಬಂದಿತೆಂಬ ಕಾರಣಕ್ಕೆ ಅದು ಕೆಡುವುದಿಲ್ಲ ಎಂದಿತು. ನಾಗರತ್ನ ಅವರದು ಭಿನ್ನ ತೀರ್ಪು. ಅವರು ಮಾಡಿದ ಕೆಲಸ, ನನ್ನ ದೃಷ್ಟಿಯಲ್ಲಿ, ಒಳ್ಳೆಯ ವ್ಯಾಕರಣ ಶಿಕ್ಷಕರ ಕೆಲಸ. ಬ್ಯಾಂಕು ಸಲ್ಲಿಸಿದ ದಾಖಲೆಗಳಲ್ಲಿ "ಕೇಂದ್ರ ಸರ್ಕಾರ ಬಯಸಿದಂತೆ" ಎಂಬಂಥ ಮಾತುಗಳಿದ್ದುದನ್ನು ಅವರು ಎತ್ತಿ ತೋರಿಸಿದರು. ಶಿಫಾರಸು ಮಂಡಲಿಯದೆಂದು ಕಾಯಿದೆ ಹೇಳುತ್ತದೆ. ವಾಕ್ಯವೋ ಬಯಕೆ ಬೇರೆಯವರದೆಂದು ಹೇಳುತ್ತದೆ. 24 ಗಂಟೆಗಳೊಳಗೆ ಮುಗಿದ ಈ ಕಾರ್ಯದಲ್ಲಿ ಬ್ಯಾಂಕು ಸ್ವತಂತ್ರವಾಗಿ ವಿಚಾರ ಮಾಡಿದಂತೆ ಕಾಣುವುದಿಲ್ಲ, ಇದು ಶಾಸನದ ಮೂಲಕ ಆಗಬೇಕಾಗಿತ್ತು ಎಂಬುದು ಅವರ ಅಭಿಪ್ರಾಯ. ಬಹುಮತದ ತೀರ್ಪೇ ನೆಲದ ಕಾನೂನು. ಆದರೂ ಭಾಷೆಯ ವಿದ್ಯಾರ್ಥಿಗಳು ಆ ಭಿನ್ನ ತೀರ್ಪನ್ನು ಓದಬೇಕೆಂದು ನಾನು ಹೇಳುತ್ತೇನೆ. ಕಚೇರಿಯ ಒಂದು ಪದಪುಂಜವನ್ನು ಬಿಡಿಸಿ, ಅದರೊಳಗೆ ಅಡಗಿದ್ದ ಕರ್ತೃವನ್ನು ಕೈಹಿಡಿದು ಹೊರಗೆ ತರುವುದು ಹೇಗೆಂದು ಅಲ್ಲಿ ಕಲಿಯಬಹುದು.

ಸೋಜಿಗವೆಂದರೆ ಅದೇ 2016ರಲ್ಲಿ, ಅದೇ ಬ್ಯಾಂಕಿನ ಕಾಯಿದೆಯಲ್ಲಿ, ಬಡ್ಡಿಯ ದರ ಗೊತ್ತುಮಾಡುವ ಹೊಸ ಸಮಿತಿಗೆ ತದ್ವಿರುದ್ಧವಾದ ನಿಯಮ ಬಂತು. ಸಭೆಯಾದ ಹದಿನಾಲ್ಕನೆಯ ದಿನ ನಡಾವಳಿ ಪ್ರಕಟವಾಗಬೇಕು. ಯಾವ ಸದಸ್ಯರು ಯಾವ ಕಡೆ ಮತ ಹಾಕಿದರು, ಏಕೆ ಹಾಕಿದರು ಎಂಬುದು ಅವರವರ ಹೆಸರಿನಲ್ಲೇ ಇರಬೇಕು. ಕಾಲು ಶೇಕಡಾ ಬಡ್ಡಿಗೆ ಆರು ಜನರ ಹೆಸರು, ಆರು ಜನರ ಕಾರಣ. ಒಂದೇ ಕಟ್ಟಡದಲ್ಲಿ ಎರಡು ವ್ಯಾಕರಣ.

ಈ ಎರಡರಲ್ಲಿ ಯಾವುದು ನಮ್ಮ ಹಳ್ಳಿಯದು? ಕೆಲವು ಕಾಲದ ಹಿಂದೆ ಹೊಳಲ್ಕೆರೆ ತಾಲ್ಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕುಳಿತು ಅದರ ನಡಾವಳಿ ಪುಸ್ತಕವನ್ನು ತಿರುವಿಹಾಕುವ ಅವಕಾಶ ನನಗೆ ದೊರೆಯಿತು. ಕಾರ್ಯದರ್ಶಿ ಸಂಕೋಚದಿಂದಲೇ ಕೊಟ್ಟರು. "ಅದರಾಗೇನೈತಿ ಸಾರ್ ಓದಕ್ಕೆ, ಗೊಬ್ಬರ, ಸಾಲ, ಚಾ ಖರ್ಚು" ಎಂದರು. ಇದ್ದದ್ದೂ ಅಷ್ಟೇ. ಯೂರಿಯಾ ದಾಸ್ತಾನು, ಹೊಸ ಸದಸ್ಯರ ಷೇರು, ಗೋದಾಮಿನ ಬೀಗ ಕೆಟ್ಟದ್ದು, ಸುಸ್ತಿದಾರರಿಗೆ ನೋಟೀಸು. ಇಲ್ಲಿಯೂ ಎಲ್ಲ ಠರಾವುಗಳೂ "ತೀರ್ಮಾನಿಸಲಾಯಿತು" ಎಂದೇ ಮುಗಿಯುತ್ತವೆ. ಆದರೆ ಪ್ರತಿಯೊಂದರ ಕೆಳಗೂ ಎರಡು ಸಾಲುಗಳಿವೆ: ಸೂಚಕರು ಇಂಥವರು, ಅನುಮೋದಕರು ಇಂಥವರು. ಬೀಗ ಕೊಳ್ಳುವುದಕ್ಕೂ ಒಬ್ಬ ಸೂಚಕ, ಒಬ್ಬ ಅನುಮೋದಕ. ಬೀಗ ಸರಿಯಿಲ್ಲದಿದ್ದರೆ ಯಾರ ಮನೆಯ ಜಗಲಿಗೆ ಹೋಗಿ ಕೇಳಬೇಕೆಂಬುದು ಊರಿಗೆ ಗೊತ್ತು. ಮುಂಬಯಿಯ ಮಂಡಲಿಗಿಂತ ಈ ಪುಸ್ತಕದ ವ್ಯಾಕರಣ ಬ್ರಹ್ಮಗಿರಿಯ ಬಂಡೆಗೆ ಹತ್ತಿರ.

2016ರ ನವೆಂಬರಿನ ಪುಟವನ್ನೂ ನೋಡಿದೆ. ಮೇಲಿನಿಂದ ಬಂದ ಆದೇಶದ ಮೇರೆಗೆ ಐನೂರು, ಸಾವಿರ ರೂಪಾಯಿಗಳ ಹಳೆಯ ನೋಟುಗಳನ್ನು ಸ್ವೀಕರಿಸದಿರಲು ತೀರ್ಮಾನಿಸಲಾಯಿತು ಎಂಬ ಒಂದೂವರೆ ಸಾಲು. ಅದರ ಕೆಳಗೆ ಎಂದಿನಂತೆ ಸೂಚಕರು, ಅನುಮೋದಕರು. ಸೂಚಕರ ಸಹಿ ಗುಂಡಗಿನ ಅಕ್ಷರದಲ್ಲಿ, ತಂದೆಯ ಹೆಸರು ಸಹಿತ. ಅನುಮೋದಕರದು ಹೆಬ್ಬೆಟ್ಟಿನ ಗುರುತು.